ಬಡಿತ, ಬೆವರು, ನಡುಕ

ಆ ಊರಿನಲ್ಲಿ ಗಂಡ ಹೆಂಡತಿಗೆ ಹೊಡೆದರೆ ಗೋಡೆಯ ಮೇಲೆ ಕೆಂಪು ದೀಪ ಹತ್ತುತ್ತಿತ್ತು.

ಹಾಗಂತ ಯಾರೂ ಹೇಳುತ್ತಿರಲಿಲ್ಲ ಬಿಡಿ. ಪ್ರೀತಿ ಹತ್ತಿತು ಅನ್ನುತ್ತಿದ್ದರು. ಗೋಡೆ ಇದ್ದದ್ದು ಮಣಿಮನೆಯಲ್ಲಿ. ಮಣಿಮನೆ ಇದ್ದದ್ದು ಮೆಣಸಿನಕಾಯಿ ಪೇಟೆಯ ಹಿಂಬದಿಗೆ, ಕೋಲ್ಡ್ ಸ್ಟೋರೇಜಿನ ಗೋಡೆಗೆ ಬೆನ್ನು ಹಚ್ಚಿಕೊಂಡು. ಊರಲ್ಲಿ ಯಾರದೇ ಮದುವೆಯಾಗಲಿ, ಅಕ್ಷತೆ ಬಿದ್ದ ಕೂಡಲೇ ಮಣಿಮನೆಯವರು ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಮದುಮಕ್ಕಳ ಎಡ ಮುಂಗೈಯ ಚರ್ಮ ಸೀಳಿ, ಜೋಳದ ಕಾಳಿನಷ್ಟು ಗಾತ್ರದ ಒಂದೊಂದು ಮಣಿ ಕೂರಿಸಿ, ಹೊಲಿಗೆ ಹಾಕಿ, ಬಾಯಿಗೆ ಸಕ್ಕರೆ ಹಾಕಿ ಹೋಗುತ್ತಿದ್ದರು. ಮಣಿ ನಾಡಿಯ ಬಡಿತ ಹಿಡಿಯುತ್ತಿತ್ತು, ಬೆವರಿನ ಉಪ್ಪು ಹಿಡಿಯುತ್ತಿತ್ತು, ಮಾಂಸಖಂಡದ ನಡುಕ ಹಿಡಿಯುತ್ತಿತ್ತು. ಜೋಡಿಯವರು ಹತ್ತಿರ ಬಂದಾಗ ಈ ಮೂರೂ ಒಟ್ಟಿಗೆ ಏರಿದವೋ, ಚರ್ಮದ ಕೆಳಗೆ ಮಣಿ ಕೆಂಡದ ಹಾಗೆ ಹೊಳೆಯುತ್ತಿತ್ತು, ಮಣಿಮನೆಯ ಗೋಡೆಯಲ್ಲಿ ಆ ಮನೆಯ ದೀಪ ಹತ್ತುತ್ತಿತ್ತು. ಜೋಡಿ ಹತ್ತಿರ ಇಲ್ಲದಾಗ ಏರಿದರೆ ಗಂಟೆ ಬಾರಿಸುತ್ತಿತ್ತು. ನಾಯಿ ಬೆನ್ನು ಹತ್ತಿದ ಹೆಂಗಸೊಬ್ಬಳು ಯಾವ ಗಂಡಸಿನ ಹತ್ತಿರ ಹೋಗಿದ್ದಿ ಎಂಬ ವಿಚಾರಣೆಗೆ ನಿಂತದ್ದೂ ಉಂಟು.

ಮಣಿ ಮಾಡಿದವರು ದಡ್ಡರಲ್ಲ. ಅಳೆದು ತೂಗಿಯೇ ಮಾಡಿದ್ದರು. ಹೊಸದಾಗಿ ಮದುವೆಯಾದ ಹುಡುಗಿಯರನ್ನು ಆರಿಸಿ, ಮೊದಲ ರಾತ್ರಿ ಅವರ ಮೈಯಲ್ಲಿ ಏನೇನಾಗುತ್ತದೆ ಎಂದು ಬರೆದುಕೊಂಡು, ಕಂಡದ್ದಕ್ಕೆ ಪ್ರೀತಿ ಅಂತ ಹೆಸರಿಟ್ಟಿದ್ದರು. ಗುರುತು ಪರಿಚಯ ಇಲ್ಲದ ಗಂಡಸಿನ ಕೋಣೆಗೆ ನೂಕಿಸಿಕೊಂಡ ಹುಡುಗಿಯ ಎದೆ ಯಾಕೆ ಹಾಗೆ ಹೊಡೆದುಕೊಳ್ಳುತ್ತದೆ ಅಂತ ಅವರಲ್ಲಿ ಒಬ್ಬನಾದರೂ ಆ ಹುಡುಗಿಯನ್ನು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಬಡಿತ, ಬೆವರು, ನಡುಕ; ಮೂರೂ ಕೂಡಿದರೆ ಪ್ರೀತಿ.

ಉಡಚವ್ವನೂ ಅದನ್ನೇ ಕೂಗಿ ಕೂಗಿ ಕಲಿತವಳು. ಈಗ ಅವಳು ಮಣಿಮನೆಯಲ್ಲೇ ಕೆಲಸಕ್ಕಿದ್ದಳು. ಹಮಾಲರ ಓಣಿಯ ಗೋಡೆ ಅವಳ ಪಾಲಿಗೆ. ದೀಪ ಹತ್ತಿದ ಮನೆಗೆ ಹಸಿರು ಗುರುತು ಹಾಕುವುದು, ಬಹಳ ದಿನ ಹತ್ತದ ಮನೆಯನ್ನು ಡಾಕ್ಟರಿಗೆ ತಿಳಿಸುವುದು ಅವಳ ಕೆಲಸ. ಕೆಳಗಿನ ಸಾಲಿನಲ್ಲಿ ಹೆಂಗಸರ ದೀಪಗಳು, ಮೇಲಿನ ಸಾಲಿನಲ್ಲಿ ಗಂಡಸರವು. ಮೇಲಿನವು ಹತ್ತಿದ್ದನ್ನು ಕಂಡವರು ಕಡಿಮೆ. ಗಂಡಸಿನ ಎದೆ ಗಟ್ಟಿ, ಅವನ ಪ್ರೀತಿ ಒಳಗೇ ಇರುತ್ತದೆ ಎಂದು ಮಣಿಮನೆಯ ಮುಖ್ಯಸ್ಥರಾದ ಡಾಕ್ಟರ್ ಇಂದುಧರ ಹೇಳಿದ್ದರು. ಜೋಡಿಯಲ್ಲಿ ಒಂದು ದೀಪ ಹತ್ತಿದರೂ ಮನೆ ಉಳಿಯಿತು ಎಂಬುದು ನಿಯಮವಾದ್ದರಿಂದ ಮೇಲಿನ ಸಾಲಿನ ಧೂಳನ್ನು ಸಹ ಯಾರೂ ಒರೆಸುತ್ತಿರಲಿಲ್ಲ.

"ಏನವಾ ಉಡಚವ್ವಾ, ನಿನ್ನೆ ಸಂಜಿಗೆ ನಿಮ್ಮನಿ ದೀಪ ಏನ್ ಬೆಳಗಿತವಾ. ನನ್ನ ಕಣ್ಣ ಕುಕ್ಕಿತು," ಅಂದಳು ಪಕ್ಕದ ಗೋಡೆಯ ದೀಪ ನೋಡಿಕೊಳ್ಳುವ ಪಾರವ್ವ.

"ಬೆಳಗಿರಬೇಕು."

"ಬೆಳಗಿರಬೇಕು ಅಂತಾಳ ನೋಡು. ಹಂಗ ಬೆಳಗಾಕ ಪುಣ್ಯಾ ಮಾಡಿರಬೇಕು ಬೇ. ಈ ಹುಣ್ವಿಗೂ ಸೀರಿ ನಿನಗ ಬಿಡು."

ಹುಣ್ಣಿಮೆಗೊಮ್ಮೆ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಗಿದ ಮನೆಯ ಹೆಂಗಸಿಗೆ ಸೀರೆ, ತೆಂಗಿನಕಾಯಿ ಕೊಟ್ಟು ಆರತಿ ಎತ್ತುತ್ತಿದ್ದರು. ಹೋದ ಹುಣ್ಣಿಮೆಗೆ ಉಡಚವ್ವ ಆ ಸೀರೆ ಉಟ್ಟು ನಿಂತಾಗ ಅವಳ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಉಸಿರು ಎಳೆದರೆ ಒಳಗೆ ಚೂರಿ ತಿರುವಿದ ಹಾಗೆ. ಆದರೂ ನಕ್ಕಳು. ಪಾರವ್ವ ಸೀಟಿ ಹೊಡೆದಿದ್ದಳು. ಪಾರವ್ವ ಎಂಥ ಬಿಸಿಲಿನಲ್ಲೂ ಮುಂಗೈವರೆಗೆ ತೋಳಿದ್ದ ಕುಪ್ಪಸ ತೊಡುತ್ತಿದ್ದಳು, ಎಂಥ ಮಾತಿಗೂ ನಗುತ್ತಿದ್ದಳು.

ಒಂದು ಮಾತು ಇಲ್ಲಿ ಹೇಳಲೇಬೇಕು. ಉಡಚವ್ವ ಮಣಿಯನ್ನು ನಂಬಿದ್ದಳು. ಗಂಡನ ಹೆಜ್ಜೆ ಸಪ್ಪಳ ಓಣಿಯಲ್ಲಿ ಕೇಳಿದರೆ ಸಾಕು, ಅವಳ ಬಾಯಿ ಒಣಗುತ್ತಿತ್ತು, ಅಂಗೈ ಒದ್ದೆಯಾಗುತ್ತಿತ್ತು. ಇದೇ ಪ್ರೀತಿ ಅಂತ ಅವಳಿಗೆ ಹೇಳಿದ್ದರು. ಅವಳಿಗೆ ಬೇರೆ ಯಾವ ಪ್ರೀತಿಯ ಪರಿಚಯವೂ ಇರಲಿಲ್ಲ, ಹೋಲಿಸಿ ನೋಡಲಿಕ್ಕೆ.

ಗಂಡ ಮಾಲತೇಶ ಪೇಟೆಯ ಹಮಾಲರ ಮೇಸ್ತ್ರಿ. ಮೆಣಸಿನಕಾಯಿ ಚೀಲಕ್ಕೆ ಕಬ್ಬಿಣದ ಕೊಕ್ಕೆ ಚುಚ್ಚಿ ಒಂದೇ ಜಗ್ಗಿಗೆ ಬೆನ್ನಿಗೆ ಎಳೆದುಕೊಳ್ಳುವ ಆಳು. ಸಂಜೆ ಮನೆಗೆ ಬಂದಾಗ ಅವನ ಬಟ್ಟೆಯಿಂದ ಏಳುವ ಘಾಟಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಿದರೆ ಹೊಡೆತ. ಕೆಮ್ಮು ನುಂಗಿದರೆ, ಯಾಕ ಮಾರಿ ಹಂಗ ಮಾಡ್ತಿ ಅಂತ ಹೊಡೆತ. ಒಮ್ಮೆ ಅವಳ ಎಡಗೈಯನ್ನು ಚೌಕಟ್ಟಿನಲ್ಲಿ ಇಟ್ಟು ಬಾಗಿಲು ಎಳೆದಿದ್ದ. ಎರಡು ಬೆರಳು ಆಮೇಲೆ ಮಡಚಲಿಲ್ಲ.

ಹೊಡೆದಾದ ಮೇಲೆ ಅವಳ ಮುಂಗೈ ಹಿಡಿದೆತ್ತಿ ಮಣಿ ನೋಡುತ್ತಿದ್ದ. ಅದು ಧಗಧಗ ಅನ್ನುತ್ತಿತ್ತು. ಅದನ್ನು ಕಂಡು ಅವನ ಮುಖ ಮೆತ್ತಗಾಗುತ್ತಿತ್ತು, ಕಣ್ಣಲ್ಲಿ ನೀರು ಸಹ ಬರುತ್ತಿತ್ತು.

"ನೋಡು, ನಿನ್ನ ಬಾಯಿ ಏನರ ಅನ್ನಲಿ. ನಿನ್ನ ಮೈಗೆ ನಾ ಬೇಕಾಗೇನಿ," ಅನ್ನುತ್ತಿದ್ದ.

ಒಲೆಯ ಮುಂದೆ ಅತ್ತೆ ನೀಲವ್ವ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ಮಗನಿಗೆ ಬೇಡ ಅಂದವಳಲ್ಲ. ಅವಳ ಎಡ ಭುಜದ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಆ ಕೈ ಕಿವಿಯ ಮೇಲೆ ಏಳುತ್ತಿರಲಿಲ್ಲ. ಅದನ್ನು ಮುರಿದ ಕೊಕ್ಕೆ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ತೀರಿಕೊಂಡ ಮಾವನ ಕೊಕ್ಕೆ ಅದು. ಮಹಾನವಮಿಗೆ ಅದಕ್ಕೂ ಕುಂಕುಮ ಬೀಳುತ್ತಿತ್ತು.

"ನನ್ನ ದೀಪಾನೂ ಹಿಂಗ ಬೆಳಗತಿತ್ತಂತವಾ," ಎಂದಿದ್ದಳು ಒಮ್ಮೆ, ಸೊಸೆಯ ಬೆನ್ನಿಗೆ ಬಿಸಿ ಅರಿಷಿಣ ಹಚ್ಚುತ್ತ. "ನಿಮ್ಮ ಮಾವ ಸತ್ತ ದಿನ ಆರಿತು. ಆವತ್ತ ನಾ ಹೊಟ್ಟಿ ತುಂಬ ಉಂಡೆ."

ಉಡಚವ್ವ ಅದರ ಅರ್ಥ ಹುಡುಕಲು ಹೋಗಲಿಲ್ಲ.

* * *

ದೀಪದ ಯಂತ್ರಗಳು ಬೇಸಿಗೆಯಲ್ಲಿ ಕಾಯುತ್ತಿದ್ದವು. ಅವಕ್ಕೆ ತಂಪು ಕೊಡಲು ಪಕ್ಕದ ಕೋಲ್ಡ್ ಸ್ಟೋರೇಜಿನಿಂದ ಕೊಳವೆ ಎಳೆದಿದ್ದರು. ಕೊಳವೆ ನೋಡಿಕೊಳ್ಳಲು ಬಂದವನು ಫಕ್ಕೀರೇಶ, ಸ್ಟೋರೇಜಿನ ಮೆಕ್ಯಾನಿಕ್. ಸಣಕಲು ಆಳು, ಮುಂದಲೆ ಕೂದಲು ಉದುರಿತ್ತು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಮೋಟಾರಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿ ಕೂರುತ್ತಿದ್ದ. ಅವನ ಎಡ ಮುಂಗೈಯಲ್ಲಿ ಮಣಿ ಇರಲಿಲ್ಲ, ಮಣಿ ಕಿತ್ತ ಗಾಯದ ಗುರುತಿತ್ತು.

ಮಧ್ಯಾಹ್ನ ಹಿಂದಿನ ಪಡಸಾಲೆಯಲ್ಲಿ ಅವನೂ ರೊಟ್ಟಿ ಬಿಚ್ಚುತ್ತಿದ್ದ, ಅವಳೂ ಬಿಚ್ಚುತ್ತಿದ್ದಳು. ಗೋಡೆಯಾಚೆ ಕಂಪ್ರೆಸರ್ ಹದವಾಗಿ ಗುಂಯ್‌ಗುಡುತ್ತಿತ್ತು. ಉಳ್ಳಾಗಡ್ಡಿ ಗುದ್ದಿ ಒಡೆದು ಅರ್ಧ ಅವಳ ಕಡೆ ಸರಿಸುತ್ತಿದ್ದ, ಮಾತಿಲ್ಲದೆ.

"ಆ ಬೆರಳಿಗೆ ಏನಾತ್ರೀ?" ಅಂದ ಒಂದು ದಿನ.

"ಬಾಗಲಾ ಬಡೀತ್ರಿ, ಅಣ್ಣಾರ."

"ತಾನ ಬಡೀತೋ, ಯಾರರ ಬಡದ್ರೋ?"

ಅವಳು ರೊಟ್ಟಿ ಮುರಿಯುತ್ತ ಕೂತಳು. ಅವನು ಮತ್ತೆ ಕೇಳಲಿಲ್ಲ. ಮರುದಿನ ಅವಳ ಬುತ್ತಿಯ ಗಂಟನ್ನು ತಾನೇ ಬಿಚ್ಚಿ ಕೊಟ್ಟ, ಮಡಚದ ಬೆರಳಿಗೆ ತ್ರಾಸು ಆಗುವುದನ್ನು ನೋಡಿದ್ದನೇನೋ. ಆವತ್ತು ಉಡಚವ್ವ ಯಾಕೋ ಏನೋ ಎರಡು ರೊಟ್ಟಿ ಹೆಚ್ಚು ತಿಂದಳು.

ಮಣಿಮನೆಯಲ್ಲಿ ಇದನ್ನು ಎಲ್ಲರೂ ನೋಡಿದರು, ಯಾರೂ ಸುದ್ದಿ ಮಾಡಲಿಲ್ಲ. ಮಾಡಲಿಕ್ಕೆ ಏನಿತ್ತು? ಅವನ ಹತ್ತಿರ ಕೂತಾಗ ಅವಳ ಮಣಿ ತಣ್ಣಗಿರುತ್ತಿತ್ತು. ಗಂಟೆ ಬಾರಿಸುವುದು ದೂರದ ಮಾತು, ನಾಡಿ ಎಂದಿಗಿಂತ ಕೆಳಗೆ ಇಳಿದಿರುತ್ತಿತ್ತು.

"ಅವನ ಹತ್ರ ಕುಂತ್ರ ಕಲ್ಲಿನ ಹತ್ರ ಕುಂತಂಗೇನ ಬೇ?" ಎಂದು ಪಾರವ್ವ ಚಾಷ್ಟಿ ಮಾಡಿದಳು. "ಸೊನ್ನಿ ಐತಿ ಗ್ವಾಡಿ ಮ್ಯಾಲೆ. ಸತ್ತ ಹೆಣಕ್ಕ ಇದರಕಿಂತ ಹೆಚ್ಚ ಇರತೈತಿ."

"ಏನೂ ಅನಸೂದಿಲ್ಲವಾ ನನಗ," ಅಂದಳು ಉಡಚವ್ವ, ಸುಳ್ಳಿಲ್ಲದೆ.

ಅಲ್ಲೇ ಮೋಸ ಹೋದಳು. ಎದೆ ಹೊಡೆದುಕೊಂಡಿದ್ದರೆ ಹೆದರಿ ದೂರ ಸರಿಯುತ್ತಿದ್ದಳು. ಏನೂ ಇಲ್ಲ ಅಂತ ಮಣಿಯೇ ಹೇಳುವಾಗ ಸರಿಯುವುದು ಯಾತಕ್ಕೆ? ದಿನಾ ಕೂತಳು. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅವನು ಕೇಳದ್ದನ್ನೂ ಹೇಳಿದಳು. ಸಣ್ಣಂದಿನಲ್ಲಿ ಕೆರೆಯಲ್ಲಿ ಈಜುತ್ತಿದ್ದದ್ದು ಹೇಳಿದಳು. ಒಂದು ದಿನ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋದಳು. ಮದುವೆಯಾದ ಮೇಲೆ ಗಂಡಸೊಬ್ಬ ಹತ್ತಿರ ಇದ್ದಾಗ ಅವಳಿಗೆ ನಿದ್ದೆ ಬಂದದ್ದು ಅದೇ ಮೊದಲು. ಎದ್ದಾಗ ಬಿಸಿಲು ಅವಳ ಮುಖದ ಮೇಲೆ ಬೀಳದ ಹಾಗೆ ಫಕ್ಕೀರೇಶ ತನ್ನ ಟೂಲ್ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಿದ್ದ. ತಾನು ಅವನನ್ನು ಅಣ್ಣಾರ ಎಂದು ಕರೆಯುವುದನ್ನು ಯಾವಾಗಲೋ ಬಿಟ್ಟಿದ್ದೇನೆ ಎಂಬುದು ಅವಳಿಗೆ ಆಗ ಗೊತ್ತಾಯಿತು.

"ನಿಮ್ಮ ಮಣಿ ಯಾಕ ಕಿತ್ತರು?" ಅಂತ ಕೇಳಿದಳು.

"ಹತ್ತಲಿಲ್ಲರಿ. ನಂದೂ ಹತ್ತಲಿಲ್ಲ, ಆಕೀದೂ ಹತ್ತಲಿಲ್ಲ. ದೀಪ ಹತ್ತಲಿ ಅಂತ ಇಬ್ಬರನೂ ಕೂಡಸೂ ಖೋಲಿಗೆ ಹಾಕಿ ಚಿಲಕ ಹಾಕಿದ್ರು. ಹೊರಗ ನಿಂತು ಹೊಡಿ, ಹೊಡಿ ಅಂತಿದ್ರು. ನಾವು ಬುತ್ತಿ ಉಂಡು ಪಗಡಿ ಆಡಿಕೋಂತ ಕುಂತ್ವಿ. ಕಡೀಕ ಪ್ರೀತಿ ಇಲ್ಲಂತ ಬಿಡಿಸಿ ಆಕೀನ್ನ ಬ್ಯಾರೇದವಗ ಕೊಟ್ಟರು." ಅವನು ಸ್ಕ್ರೂಡ್ರೈವರನ್ನು ಲುಂಗಿಗೆ ಒರೆಸಿದ. "ಆಕೀ ದೀಪ ಅಲ್ಲಿ ಭಾಳ ಬೆಳಗತಿತ್ತಂತ. ಆರು ತಿಂಗಳಿಗೆ ಹೆಣ ಬಂತು."

ಕಂಪ್ರೆಸರ್ ಗುಂಯ್‌ಗುಡುತ್ತಿತ್ತು. ಉಡಚವ್ವ ತನ್ನ ಮುಂಗೈ ನೋಡಿಕೊಂಡಳು. ಅತ್ತೆ ಹೊಟ್ಟೆ ತುಂಬ ಉಂಡದ್ದು ಯಾಕೆ ಅಂತ ಈಗ ಹೊಳೆಯಿತು. ಹೊಳೆದದ್ದು ಅದೊಂದೇ ಅಲ್ಲ.

"ಹಂಗಾರ ಇದಕ್ಕ ಏನಂತಾರ?" ಅಂದಳು.

"ಯಾವುದಕ್ಕ?"

"ಇಲ್ಲಿ ಕುಂತಾಗ ಆಗೂದಕ್ಕ."

ಅವನು ಉಳ್ಳಾಗಡ್ಡಿಯ ಅರ್ಧ ಹೋಳು ಅವಳ ಕಡೆ ಸರಿಸಿದ. "ನನಗೂ ಹೆಸರು ಗೊತ್ತಿಲ್ಲರಿ. ನನಗೂ ಆಗತೈತಿ, ಅಷ್ಟ ಗೊತ್ತು."

* * *

ಆ ವಾರ ಮಾಲತೇಶ ಹೊಡೆದಾಗ ಮಣಿ ಹತ್ತಲಿಲ್ಲ.

ನೋವಾಗಲಿಲ್ಲ ಅಂತಲ್ಲ. ಅವನು ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಪ್ಪಿದಾಗ ಹಲ್ಲೊಂದು ನಾಲಗೆಯ ಮೇಲೆ ಬಿತ್ತು. ಆದರೆ ಪಡಸಾಲೆಯ ಆ ಗುಂಯ್‌ಗುಟ್ಟುವಿಕೆ ಅವಳ ಕಿವಿಯಲ್ಲೇ ಉಳಿದುಬಿಟ್ಟಿತ್ತು. ಇದು ಪ್ರೀತಿ ಅಲ್ಲ ಅಂತ ಗೊತ್ತಾದ ಮೇಲೆ ಮೈ ಯಾಕೆ ನಡುಗಬೇಕು? ನಡುಗಲಿಲ್ಲ. ಹಲ್ಲನ್ನು ಅಂಗೈಗೆ ಉಗುಳಿ ಅವನ ಮುಖ ನೋಡಿದಳು.

ಮಾಲತೇಶ ಮುಂಗೈ ಹಿಡಿದೆತ್ತಿದ. ಕತ್ತಲು. ಚಿವುಟಿದ. ಕತ್ತಲು. ಮತ್ತೆ ಹೊಡೆದ, ಸೊಂಟದ ಬೆಲ್ಟು ಬಿಚ್ಚಿ ಹೊಡೆದ, ಕೈ ಸೋಲುವ ತನಕ ಹೊಡೆದ.

"ಹತ್ತು ಲೇ," ಅಂದ ಮಣಿಗೆ. ಹೆಂಡತಿಗಲ್ಲ. "ಹತ್ತು."

ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಮಗನನ್ನಲ್ಲ, ಸೊಸೆಯ ಆ ಕತ್ತಲ ಮುಂಗೈಯನ್ನು ನೋಡುತ್ತಿದ್ದಳು. ಹೆಂಚಿನ ಮೇಲೆ ರೊಟ್ಟಿ ಸೀದು ಹೋಯಿತು.

ಮುಂದಿನ ಹುಣ್ಣಿಮೆಗೆ ಸೀರೆ ಬೇರೆಯವರಿಗೆ ಹೋಯಿತು. ಪೇಟೆಯಲ್ಲಿ ಹಮಾಲರು ಮಾಲತೇಶನನ್ನು ನೋಡಿ ನಗತೊಡಗಿದರು. ಯಾರೋ ಒಬ್ಬ ಚೀಲ ಇಳಿಸುತ್ತ ಬಾಯಿಬಿಟ್ಟ.

"ಮೇಸ್ತ್ರಿ, ಆ ತಂಪಿನ ಫಕ್ಕೀರೇಶ ಅದಾನಲ್ಲ, ಅವನ ಹೇಣ್ತಿ ದೀಪಾನೂ ಹತ್ತಲಿಲ್ಲ, ನೆನಪೈತಿಲ್ಲೋ? ಅವ ಎಲ್ಲಿ ಕುಂದರತಾನ ಅಲ್ಲಿ ದೀಪ ಆರತಾವ. ನಿನ್ನ ಹೇಣ್ತಿ ದಿನಾ ಅವನ ಬಾಜೂಕ ಉಣತಾಳ."

"ಅವನ ಹತ್ರ ಆಕೀಗೆ ಮಣಿ ಹತ್ತೂದಿಲ್ಲಲೇ. ನಾ ಕೇಳೇನಿ."

"ಅದನ್ನ ಹೇಳಾಕತ್ತೀನಿ. ಹತ್ತೂದನ್ನ ಆರಸ್ತಾನ ಅವ. ಅವನ ಕೈಗುಣ ಅದು."

ಬೇರೆ ಊರಾಗಿದ್ದರೆ ಹೆಂಡತಿ ಇನ್ನೊಬ್ಬನ ಮೇಲೆ ಮನಸ್ಸಿಟ್ಟಿದ್ದಾಳೆ ಎಂದು ಗಂಡ ಕುದಿಯುತ್ತಿದ್ದ. ಈ ಊರಿನವರಿಗೆ ಅದು ಹೊಳೆಯಲಿಲ್ಲ. ಮಣಿ ಸೊನ್ನೆ ತೋರಿಸುವಾಗ ಎಲ್ಲಿಯ ಮನಸ್ಸು? ಅವನೊಬ್ಬ ದೀಪ ಆರಿಸುವ ದರಿದ್ರ, ಊರಿನ ಮನೆಗಳಿಗೆ ಹತ್ತಿದ ರೋಗ, ಅಷ್ಟೇ ತಿಳಿದರು. ಬುದ್ಧಿಯನ್ನು ಜೋಳದ ಕಾಳಿನಷ್ಟು ಯಂತ್ರದ ಕೈಗೆ ಕೊಟ್ಟು ಕೂತ ಜನಕ್ಕೆ ಇನ್ನೇನು ತಿಳಿದೀತು.

ಡಾಕ್ಟರ್ ಇಂದುಧರ ಉಡಚವ್ವನನ್ನು ಕರೆಸಿದರು. ಗೋಡೆಯ ಮುಂದೆಯೇ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ. ಅವಳ ತುಟಿ ಇನ್ನೂ ಊದಿಕೊಂಡಿತ್ತು. ಅವರು ತುಟಿ ನೋಡಲಿಲ್ಲ, ದೀಪ ನೋಡಿದರು.

"ಇಷ್ಟು ಚೆನ್ನಾಗಿ ಬೆಳಗುತ್ತಿದ್ದ ದೀಪ. ಏನಮ್ಮ ಇದು? ನಮ್ಮ ಮಣಿಮನೆಯವರೇ ಹೀಗಾದರೆ ಊರಿಗೆ ಏನು ಹೇಳೋಣ?"

"ಡಾಕ್ಟರ, ಒಂದ ಕೇಳ್ತೀನಿ. ಹೆದರಿಕಿ ಆದಾಗನೂ ಎದಿ ಹೊಡಕೋತೈತಿ. ಬೆವರತೈತಿ. ಮೈ ನಡಗತೈತಿ. ಮಣಿ ಅದನ್ನ ಇದನ್ನ ಹೆಂಗ ಬ್ಯಾರೆ ಮಾಡತೈತಿ?"

ಡಾಕ್ಟರು ಮುಗುಳ್ನಕ್ಕರು. "ಹೆಂಡತಿಗೆ ಗಂಡನ ಹತ್ತಿರ ಹೆದರಿಕೆ ಯಾಕಿರುತ್ತದಮ್ಮ?"

ಅಷ್ಟು ಹೇಳಿ, ಬರುವ ಸೋಮವಾರ ಕೂಡಿಸುವ ಕೋಣೆ ಎಂದು ತೀರ್ಮಾನ ಬರೆಸಿದರು. ಅವರ ಬೆನ್ನ ಹಿಂದೆ ಪಾರವ್ವ ಮೊದಲ ಸಲ ನಗದೆ ನಿಂತಿದ್ದಳು.

ಉಡಚವ್ವ ಪಡಸಾಲೆಗೆ ಹೋಗಿ ಫಕ್ಕೀರೇಶನಿಗೆ ಹೇಳಿದಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಭಾನುವಾರ ಮುಂಜಾನಿ ಲೋಡ ಲಾರಿ ಘಟ್ಟ ಇಳೀತಾವ. ಡ್ರೈವರ ನನ್ನ ಗೆಳ್ಯಾ. ಬರ್ತೀರೇನು?"

"ಗಂಟಿ ಬಾರಸತೈತಿ, ಊರ ದಾಟೂದ್ರಾಗ."

"ನಿಮ್ಮ ಎದಿ ಹೊಡಕೊಂಡ್ರ ಬಾರಸತೈತಿ."

ಅವಳು ನಕ್ಕಳು. ಉದುರಿದ ಹಲ್ಲಿನ ಸಂದಿಯಲ್ಲಿ ಗಾಳಿ ಹೋಗಿ ಆ ನಗು ಸೀಟಿಯ ಹಾಗೆ ಕೇಳಿತು. "ಹಂಗಾರ ಬಾರಸೂದಿಲ್ಲ," ಅಂದಳು.

ಭಾನುವಾರ ಮುಂಜಾನೆ ಲಾರಿಯ ಹತ್ತಿರ ಅವಳು ಬಹಳ ಹೊತ್ತು ಕಾದಳು. ಫಕ್ಕೀರೇಶ ಬರಲಿಲ್ಲ. ಲಾರಿ ಹೋಯಿತು. ಬಂದವರು ಮಣಿಮನೆಯ ಕಾವಲುಗಾರರು, ನಾಳೆ ಕೋಣೆಗೆ ಹೋಗಬೇಕಾದವಳನ್ನು ಇವತ್ತಿನಿಂದಲೇ ಕಾಯಲಿಕ್ಕೆ.

* * *

ಕೂಡಿಸುವ ಕೋಣೆ ದೀಪದ ಗೋಡೆಯ ಹಿಂದೆಯೇ ಇತ್ತು. ಕಿಟಕಿ ಇಲ್ಲ, ಒಂದು ಮರದ ಮಂಚ, ಹೊರಗಿನಿಂದ ಚಿಲಕ. ಜೋಡಿ ಒಳಗೆ ಹೋದ ಮೇಲೆ ದೀಪ ಹತ್ತುವವರೆಗೆ, ಇಲ್ಲವೇ ಡಾಕ್ಟರು ಕೈಬಿಡುವವರೆಗೆ, ಬಾಗಿಲು ತೆಗೆಯುವಂತಿಲ್ಲ. ಒಳಗಿನ ಕೂಗು ಹೊರಗೆ ಕೇಳಬಾರದು ಅಂತ ಹಲಗೆ ಬಡಿಯುವವರನ್ನು ಕರೆಸುತ್ತಿದ್ದರು. ಶುಭಕಾರ್ಯ ಅಂತ ಹೆಸರು ಅದಕ್ಕೆ. ಗಂಡಿನ ತಾಯಿ ತನ್ನ ಕೈಯಾರೆ ಬುತ್ತಿ ಕಟ್ಟಿ ತಂದು ಸೊಸೆಯ ಉಡಿಗೆ ಹಾಕಬೇಕು. ಆ ಗಂಟನ್ನು ಜೋಡಿಯ ಹೊರತು ಬೇರೆ ಯಾರೂ ಬಿಚ್ಚಬಾರದು. ಅದು ಪದ್ಧತಿ.

ಬಾಗಿಲಲ್ಲಿ ಕಾವಲುಗಾರ ಮಾಲತೇಶನ ಸೊಂಟದಿಂದ ಕೊಕ್ಕೆ ಬಿಚ್ಚಿಸಿಕೊಂಡ. ಕಬ್ಬಿಣ ಒಳಗೆ ಒಯ್ಯುವ ಹಾಗಿರಲಿಲ್ಲ. ಕೈ ಸಾಕು ಅನ್ನುವಷ್ಟು ಮರ್ಯಾದೆ ಆ ನಿಯಮಕ್ಕಿತ್ತು.

ನೀಲವ್ವ ಬುತ್ತಿ ತಂದಳು. ಕೆಂಪು ಚೌಕಡಿ ಬಟ್ಟೆ, ಎರಡು ಗಂಟು. ಉಡಿಗೆ ಹಾಕುವಾಗ ಅದು ರೊಟ್ಟಿಗಿಂತ ಭಾರ ಇತ್ತು. ಉಡಚವ್ವ ತಲೆ ಎತ್ತಿದಳು.

"ಗಂಟ ಸಡ್ಲ ಕಟ್ಟೇನವಾ," ಅಂದಳು ಅತ್ತೆ. "ನಿನ್ನ ಬೆರಳಿಗೆ ಮಡಚಾಕ ಆಗೂದಿಲ್ಲಲ್ಲ."

ಚಿಲಕ ಬಿತ್ತು. ಹಲಗೆ ಶುರುವಾಯಿತು.

ಮಾಲತೇಶ ಅಂಗಿ ಕಳಚಿ ಮಂಚದ ಮೇಲೆ ಹಾಕಿದ, ಕೆಲಸಕ್ಕೆ ನಿಂತವನ ಹಾಗೆ. ಮೊದಲ ಏಟಿಗೆ ಅವಳು ಗೋಡೆಗೆ ಬಿದ್ದಳು. ಎರಡನೆಯದಕ್ಕೆ ಕಿವಿಯಲ್ಲಿ ಬಿಸಿಯಾಗಿ ಏನೋ ಇಳಿಯಿತು. ಅವನು ಮಂಡಿಯೂರಿ ಮುಂಗೈ ನೋಡಿದ. ಕತ್ತಲು.

"ಅವನ ನೆನಸಾಕತ್ತೀ ಏನು? ಆ ದೀಪ ಆರಸೂವನ್ನ?" ಅಂದ. "ಅವ ಇಲ್ಲ ಈಗ. ಶನಿವಾರ ಸಂಜಿಗೆ ಮುಗಿಸಿದ್ವಿ. ಅಂಗೈಗೆ ಕೊಕ್ಕಿ ಹಾಕಿ ಚೀಲ ಎಳದಂಗ ಎಳಕೊಂಡ ಹೋದ್ವಿ, ಅವನದ ಮಶೀನ ಖೋಲಿಗೆ. ಅಲ್ಲಿ ಅವನದ ಗ್ಯಾಸಿನ ವಾಲ್ವ್ ತಿರುವಿ ಬಾಗಲಾ ಹಾಕಿದ್ವಿ. ಒಳಗಿಂದ ಕೆಮ್ಮಿದಾ, ಕೆಮ್ಮಿದಾ, ಆಮ್ಯಾಲೆ ಬಾಗಲಾ ಕೆರದಾ. ಅಮೋನಿಯ ಸೋರಿ ಸತ್ತಾನಂತ ಊರಿಗೆ ಗೊತ್ತಾಗತೈತಿ ಇವತ್ತ."

ಅವಳ ಮುಖದ ಹತ್ತಿರ ಮುಖ ತಂದ. ಹೆದರಿಕೆಗಾಗಿ ಹುಡುಕುತ್ತಿದ್ದ. ಅವಳ ಕಣ್ಣಲ್ಲಿ, ಕೊರಳಲ್ಲಿ, ಮುಂಗೈಯಲ್ಲಿ.

ಉಡಚವ್ವನಿಗೆ ಉಳ್ಳಾಗಡ್ಡಿಯ ಅರ್ಧ ಹೋಳು ಕಂಡಿತು. ನಿಲ್ಲಿಸಿಟ್ಟ ಟೂಲ್ ಪೆಟ್ಟಿಗೆಯ ನೆರಳು ಕಂಡಿತು. ಆಮೇಲೆ ಅವಳೊಳಗೆ ಯಾವುದೋ ಒಂದು ಯಂತ್ರ ನಿಂತ ಹಾಗಾಯಿತು. ನಿಂತ ಮೇಲೆ ಉಳಿಯುತ್ತದಲ್ಲ, ಆ ಮೌನ. ಹೆದರಲಿಕ್ಕೂ ಏನಾದರೂ ಉಳಿದಿರಬೇಕು. ಅವಳ ಹತ್ತಿರ ಉಳಿದಿದ್ದ ಒಂದೇ ಒಂದನ್ನು ಈ ಮನುಷ್ಯ ತನ್ನ ಕೈಯಾರೆ ಕೊಂದು, ಅದನ್ನು ಹೇಳಿಕೊಂಡು, ಈಗ ದೀಪ ಹತ್ತಲಿ ಅಂತ ಕಾಯುತ್ತಿದ್ದ.

"ಹಸಿವ್ಯಾತು," ಅಂದಳು.

ಅವನಿಗೆ ಅರ್ಥವಾಗಲಿಲ್ಲ. "ಏನು?"

"ಬುತ್ತಿ ಬಿಚ್ಚತೀನಿ."

ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ರೊಟ್ಟಿ ಇತ್ತು, ಕೆಂಪು ಚಟ್ನಿ ಇತ್ತು. ರೊಟ್ಟಿಯ ನಡುವೆ ಮಾವನ ಕೊಕ್ಕೆ ಇತ್ತು, ಎಣ್ಣೆ ಹಚ್ಚಿ ಒರೆಸಿದ್ದು. ಹಿಡಿಕೆಯಲ್ಲಿ ಮಹಾನವಮಿಯ ಕುಂಕುಮ ಇನ್ನೂ ಅಂಟಿಕೊಂಡಿತ್ತು.

ಮಾಲತೇಶ ಅದನ್ನು ಗುರುತು ಹಿಡಿದ. ಸಣ್ಣ ಹುಡುಗನಾಗಿ ಮೂಲೆಯಲ್ಲಿ ಕೂತು ನೋಡಿದ ಕೊಕ್ಕೆ ಅದು, ತಾಯಿಯ ಭುಜದಲ್ಲಿ. ಆ ಒಂದು ಗಳಿಗೆ ಅವನ ಕೈ ಮೇಲೇಳಲಿಲ್ಲ. ಅಷ್ಟು ಸಾಕಾಯಿತು. ಉಡಚವ್ವ ಚಟ್ನಿಯನ್ನು ಹಿಡಿಯಷ್ಟು ಎತ್ತಿ ಅವನ ಕಣ್ಣಿಗೆ ಮೆತ್ತಿದಳು. ಮೆಣಸಿನಕಾಯಿ ಹೊತ್ತೇ ಬದುಕಿದವನು ಮೆಣಸಿನಕಾಯಿಗೆ ಊಳಿಟ್ಟ. ಕುರುಡಾಗಿ ಕೈ ಬೀಸುತ್ತ ಮಂಚಕ್ಕೆ ಎಡವಿ ಬಿದ್ದ. ಮಂಚದ ಪಟ್ಟಿಯ ಮೇಲೆ ಅವನ ಎಡ ಅಂಗೈ ಬಿದ್ದ ಜಾಗಕ್ಕೆ ಅವಳು ಎರಡೂ ಕೈಯಿಂದ ಕೊಕ್ಕೆ ಇಳಿಸಿದಳು. ಅಂಗೈ ದಾಟಿ ಅದು ಮರಕ್ಕೆ ಕಚ್ಚಿತು.

ಹೊರಗೆ ಹಲಗೆಯ ಬಡಿತ ಏರಿತು. ಒಳಗೆ ಯಾರು ಕೂಗುತ್ತಿದ್ದಾರೆ ಎಂದು ಕೇಳುವ ರೂಢಿ ಯಾರಿಗೂ ಇರಲಿಲ್ಲ.

ಅವಳು ಅವನ ಎದೆಯ ಮೇಲೆ ಮಂಡಿ ಇಟ್ಟು ಕೊಕ್ಕೆಯ ಹಿಡಿಕೆಯನ್ನು ತುಸು ತಿರುವಿದಳು. ಅವನ ಹಣೆಯಲ್ಲಿ ಬೆವರು ಹರಳುಗಟ್ಟಿತು. ತೊಡೆ, ಹೊಟ್ಟೆ, ಗದ್ದ ಎಲ್ಲ ಅದುರತೊಡಗಿದವು. ಮಂಡಿಯ ಕೆಳಗೆ ಅವನ ಎದೆ ಹೊಡೆದುಕೊಳ್ಳುವುದು ಅವಳಿಗೆ ತಿಳಿಯುತ್ತಿತ್ತು.

"ಬಿಡ ಉಡಚಿ. ತಪ್ಪಾತು. ನಿನ್ನ ಕಾಲ ಬೀಳತೀನಿ."

ಅವನ ಮುಂಗೈಯಲ್ಲಿ, ರಕ್ತದ ಕೆಳಗೆ, ಮಣಿ ಮಿಣುಕಿತು. ಒಮ್ಮೆ ಆರಿ, ಮತ್ತೆ ಹತ್ತಿ, ಅವಳು ತನ್ನ ಕೈಯಲ್ಲಿ ಎಂದೂ ಕಾಣದಷ್ಟು ಕೆಂಪಗೆ ಉರಿಯತೊಡಗಿತು. ಉಡಚವ್ವ ಬಾಗಿ ಅದನ್ನು ಬಹಳ ಹೊತ್ತು ನೋಡಿದಳು.

"ಅಂತೂ ನಿನಗೂ ನನ್ನ ಮ್ಯಾಲೆ ಪ್ರೀತಿ ಬಂತಲ್ಲ," ಅಂದಳು.

* * *

ಗೋಡೆಯ ಆಚೆ ಗದ್ದಲ ಎದ್ದಿತ್ತು. ಮೇಲಿನ ಸಾಲಿನಲ್ಲಿ, ಧೂಳಿನ ಅಡಿಯಿಂದ, ಗಂಡಸಿನ ದೀಪವೊಂದು ಹತ್ತಿತ್ತು. ಹತ್ತಿದ್ದಷ್ಟೇ ಅಲ್ಲ, ಗಾಜು ಒಡೆಯುವ ಹಾಗೆ ಉರಿಯುತ್ತಿತ್ತು. ಮಣಿಮನೆ ಹುಟ್ಟಿದ ಮೇಲೆ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಡಾಕ್ಟರ್ ಇಂದುಧರರ ಕಣ್ಣು ತುಂಬಿ ಬಂದಿತ್ತು. ನೋಡಿ, ನೋಡಿ, ಇದು ನಿಜವಾದ ಒಲವು ಅಂದರೆ, ಎನ್ನುತ್ತ ಅವರೇ ಹಾರ ಹಿಡಿದು ಬಂದು ಚಿಲಕ ತೆಗೆದರು.

ತೆಗೆದವರು ಅಲ್ಲೇ ನಿಂತರು. ನೆಲದ ಮೇಲೆ ರಕ್ತ ಇರುವುದು ಅವರಿಗೆ ಹೊಸದಲ್ಲ. ಪ್ರತಿ ಸಲವೂ ಇರುತ್ತಿತ್ತು, ಪ್ರತಿ ಸಲವೂ ದಾಟಿ ಒಳಗೆ ಹೋಗಿ ಹಾರ ಹಾಕುತ್ತಿದ್ದರು. ಆದರೆ ಅದು ಹೆಂಗಸಿನ ರಕ್ತ ನೋಡಿ ರೂಢಿಯಾದ ಕಣ್ಣು. ಮಂಚಕ್ಕೆ ಕೈ ಕಚ್ಚಿಸಿಕೊಂಡು ಬಿದ್ದ ಗಂಡಸನ್ನು ಕಂಡು ಅದಕ್ಕೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಹಲಗೆಗಳು ಒಂದೊಂದಾಗಿ ನಿಂತವು.

"ಡಾಕ್ಟರ, ಬಿಡಸ್ರೀ, ಈಕೀ ನನ್ನ ಕೊಲ್ಲತಾಳ," ಮಾಲತೇಶ ಅಳುತ್ತಿದ್ದ.

"ಮತ್ತ ದೀಪ ಹತ್ತೇತಲ್ರೀ," ಅಂದಳು ಉಡಚವ್ವ. "ಗಂಡಗ ಹೇಣ್ತಿ ಹತ್ರ ಹೆದರಿಕಿ ಯಾಕ ಇರತೈತಿ?"

ಡಾಕ್ಟರ ಹಣೆಯಲ್ಲಿ ಬೆವರು ಒಡೆಯಿತು. ಕೈಯಲ್ಲಿದ್ದ ಹಾರ ನಡುಗುತ್ತಿತ್ತು. ಅವರೂ ಮದುವೆಯಾದವರೇ. ಅವರ ಹೆಂಡತಿ ಮನೆಯಲ್ಲಿದ್ದಳು, ಜೋಡಿ ಹತ್ತಿರ ಇರಲಿಲ್ಲ. ಗಂಡಸರ ಮಣಿಗೆ ಎಂದೂ ಬಾರಿಸದ ಗಂಟೆ ಒಮ್ಮೆ ಢಣ್ ಅಂತು, ಆಮೇಲೆ ನಿಲ್ಲದೆ ಬಾರಿಸತೊಡಗಿತು. ಅವರು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಉಡಚವ್ವ ಕೊಕ್ಕೆ ಕಿತ್ತುಕೊಂಡಳು. ಗಂಡ ಮುದುಡಿಕೊಂಡು ಮೂಲೆಗೆ ತೆವಳಿದ. ಬಾಗಿಲಲ್ಲಿದ್ದ ಕಾವಲುಗಾರ ದಾರಿ ಬಿಟ್ಟ. ಅಂಗಳದ ಕಟ್ಟೆಯ ಮೇಲೆ ನೀಲವ್ವ ಮುರಿದ ಭುಜಕ್ಕೆ ಸೆರಗು ಹೊದ್ದು ಕೂತಿದ್ದಳು. ಒಳಗಿನಿಂದ ಮಗ ಅಳುವುದು ಅವಳಿಗೆ ಕೇಳುತ್ತಿತ್ತು. ಅವಳೂ ಅಳುತ್ತಿದ್ದಳು, ಆದರೆ ಎದ್ದು ಒಳಗೆ ಹೋಗಲಿಲ್ಲ.

ಉಡಚವ್ವ ದೀಪದ ಗೋಡೆಯ ಮುಂದೆ ಬಂದು ನಿಂತಳು. ಮಟಮಟ ಮಧ್ಯಾಹ್ನ. ಆದರೂ ಕೆಳಗಿನ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪಗೆ ಹತ್ತಿದ್ದವು. ಇಷ್ಟು ವರ್ಷ ಹಸಿರು ಗುರುತು ಹಾಕಿದ ಮನೆಗಳು. ಆರತಿ ಎತ್ತಿದ ಮನೆಗಳು. ಒಂದೊಂದರ ಹಿಂದೆ ಈಗ, ಈ ಹೊತ್ತಿಗೆ, ಏನು ನಡೆಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಯಾವ ಓಣಿ, ಯಾವ ಬಾಗಿಲು ಅಂತಲೂ ಗೊತ್ತಿತ್ತು. ಅದನ್ನು ನೋಡಿಕೊಳ್ಳಲಿಕ್ಕೇ ಅವಳಿಗೆ ಸಂಬಳ ಕೊಟ್ಟಿದ್ದರು.

ಕೊಕ್ಕೆಯನ್ನು ಸೆರಗಿಗೆ ಒರೆಸಿದಳು.

"ಪಾರವ್ವಾ, ಎಲ್ಲಾಕಿಂತ ಹೆಚ್ಚ ಬೆಳಗೂ ಮನಿ ಯಾವುದ ಹೇಳು."

ಪಾರವ್ವ ಗೋಡೆ ನೋಡಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮುಂಗೈವರೆಗಿನ ತೋಳಿನ ಗುಂಡಿ ಬಿಚ್ಚಿದಳು. ಮೆಲ್ಲಗೆ ಮೊಣಕೈ ತನಕ ಮಡಚಿದಳು. ಅಲ್ಲಿ ಬೀಡಿಯಿಂದ ಸುಟ್ಟ ಕಲೆಗಳು ಒಂದರ ಪಕ್ಕ ಒಂದು, ಜಾಗ ಬಿಡದೆ.

"ನಮ್ಮನಿಯಿಂದನ ಸುರು ಮಾಡು ನಡಿ," ಅಂದಳು.